ಸುಕ್ಕಿಲ್ಲದ ಜೀವಕೋಶ

ತನ್ನ ಅಂಗಡಿಯ ಹೊಸ್ತಿಲು ದಾಟಿ ಒಂದೇ ಒಂದು ಸುಕ್ಕೂ ಹೊರಗೆ ಹೋಗಕೂಡದು ಎಂಬುದು ಇಸ್ತ್ರಿಯವನ ಶಪಥ. ಇಪ್ಪತ್ತೆರಡು ವರ್ಷಗಳಿಂದ ಹೋಗಿರಲಿಲ್ಲ, ಅವನ ಮಾವನ ಮುಖವೊಂದನ್ನು ಬಿಟ್ಟು!

ಅಂಗಡಿಯ ಮುಂಭಾಗ ಅವನದು. ಪರದೆಯ ಹಿಂದೆ, ಹೊಲಿಗೆ ಯಂತ್ರದ ಮುಂದೆ ಅವನ ಹೆಂಡತಿ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೆ ಬಂದವರ ಮಾತನ್ನು ಸೂಜಿಗೆ ದಾರ ಪೋಣಿಸುವಷ್ಟೇ ಗಮನವಿಟ್ಟು ಕೇಳುವವಳು. ಪಕ್ಕದ ಬೀದಿಯ ಶಾಲೆಯ ವಿಜ್ಞಾನದ ಟೀಚರ್ ಬಟ್ಟೆ ಹೊಲಿಸಲು ಬಂದಾಗಲೆಲ್ಲ ಅವಳಿಗೆ ಜೀವಕೋಶದ ಸಮಾಚಾರ ಹೇಳಿ ಹೇಳಿ, ಕೊನೆಗೆ ಅದನ್ನು ಬಟ್ಟೆಯಲ್ಲೇ ಹೊಲಿದುಕೊಡಲು ಕೇಳಿದ್ದರು. ಮಂಚದಗಲದ ಜೀವಕೋಶ! ಅಷ್ಟೇ ಅಲ್ಲ, ಶಾಲೆಯ ಪ್ರದರ್ಶನದಲ್ಲಿ ಅದನ್ನು ಮಕ್ಕಳಿಗೆ ವಿವರಿಸಬೇಕಾದವಳೂ ಅವಳೇ. ಅರ್ಧಕ್ಕೆ ಬಿಟ್ಟುಬಂದ ತರಗತಿಯೊಳಕ್ಕೆ ಮತ್ತೆ ಕಾಲಿಡುವುದು, ಅದೂ ಕರಿಹಲಗೆಯ ಪಕ್ಕದಲ್ಲಿ ನಿಲ್ಲಲು. ಮೂರು ತಿಂಗಳು ಅವಳು ದಿನದ ಮೊದಲ ಹೊಲಿಗೆಯನ್ನು ದೇವರನ್ನು ನೆನೆದೇ ಹಾಕಿದ್ದಳು.

ಪ್ರದರ್ಶನ ಮಧ್ಯಾಹ್ನ ಮೂರಕ್ಕೆ. ಬೆಳಗ್ಗೆ ಹತ್ತಕ್ಕೆ ಅಂಚಿನ ಪಟ್ಟಿ ತರಲೆಂದು ಹೊರಟವಳು ಬಾಗಿಲಲ್ಲಿ ತಿರುಗಿ ಹೇಳಿದಳು: "ರೀ, ಅದನ್ನ ಸ್ವಲ್ಪ ನೋಡ್ಕೊಳ್ಳಿ."

ಅವನು ನೋಡಿಕೊಂಡ. ಸ್ವಲ್ಪವಲ್ಲ, ಚೆನ್ನಾಗಿಯೇ ನೋಡಿಕೊಂಡ!

ಪರದೆ ಸರಿಸಿದ ಕೂಡಲೇ ಅವನ ಕಣ್ಣು ಸುಕ್ಕಿನ ಮೇಲೆಯೇ ಬಿತ್ತು. ಕಿತ್ತಳೆ ಬಣ್ಣದ ನಾಲ್ಕು ಉದ್ದನೆಯ ಚೀಲಗಳು. ಒಂದೊಂದರ ಒಳಗೂ ಬಟ್ಟೆ ಮುದುಡಿ ಮುದುಡಿ ಕೂತಿದೆ. ಇಸ್ತ್ರಿಯವನ ಹೆಂಡತಿ ಇಂಥ ಸುಕ್ಕು ಹೊತ್ತುಕೊಂಡು ಊರ ಮಕ್ಕಳ ಮುಂದೆ ನಿಲ್ಲುವುದೇ? ಪಾಪ, ಅವಸರದಲ್ಲಿ ಮರೆತಿದ್ದಾಳೆ ಎಂದು ಮರುಗಿದ. ಮುದುಡು ಹಿಡಿದಿದ್ದ ಕಚ್ಚಾ ಹೊಲಿಗೆ ಬಿಚ್ಚಿ, ಗಂಜಿನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆ ಕಾಯಿಸಿ ಎಳೆದ. ನಾಲ್ಕೂ ಕಾಗದದಂತೆ ಚಪ್ಪಟೆಯಾದವು.

ಕೈಗೆ ಹುರುಪು ಬಂತು. ಪಕ್ಕದಲ್ಲಿ ನೀಲಿ ಬಟ್ಟೆಯ ಅಂಕುಡೊಂಕು ಜಾಲ, ಅದರ ಮೈತುಂಬ ದಾರದ ಗಂಟುಗಳು. ಪುಟ್ಟ ಕತ್ತರಿ ತಂದು ಒಂದೊಂದನ್ನೇ ಕತ್ತರಿಸಿ ಜಾಲವನ್ನು ರೇಷ್ಮೆಯಂತೆ ನುಣುಪು ಮಾಡಿದ. ಅರವತ್ತು ಗಂಟು! ಕೊನೆಗೆ ಅಲ್ಲಲ್ಲಿ ಉರುಳಾಡುತ್ತಿದ್ದ ಹತ್ತಿಯುಂಡೆಯಂಥ ಪುಟಾಣಿ ಚೀಲಗಳು ಕಂಡವು. ಕತ್ತರಿಸಿ ಉಳಿದ ಚೂರುಗಳೇ ಇರಬೇಕೆಂದು ಗುಡಿಸಿದ. ಅಷ್ಟರಲ್ಲಿ ಕಸದ ಗಾಡಿಯೂ ಬಂತು. ಒಳ್ಳೆಯ ಕೆಲಸಕ್ಕೆ ಎಲ್ಲವೂ ಹೀಗೇ ಕೂಡಿಬರುತ್ತದೆ ಎಂದುಕೊಂಡು ಬುಟ್ಟಿಯನ್ನು ಗಾಡಿಗೆ ಸುರಿದ. ಜೀವಕೋಶಕ್ಕೇ ಗಟ್ಟಿಯಾಗಿ ಹೊಲಿದಿದ್ದರಿಂದ ಒಂದು ಕೆಂಪು ಚೀಲ ಮಾತ್ರ ಉಳಿದುಕೊಂಡಿತು.

ಹನ್ನೊಂದೂವರೆಗೆ ಹೆಂಡತಿ ಬಂದಳು. ಅವನು ಪರದೆಯನ್ನು ನಾಟಕದ ಪರದೆಯಂತೆ ಸರಿಸಿ, ಹೊಗಳಿಕೆಗಾಗಿ ಕಾದು ನಿಂತ.

ಅವಳು ಕೂಗಲಿಲ್ಲ. ಪಟ್ಟಿಯ ಸುರುಳಿಯನ್ನು ಮೆಲ್ಲಗೆ ಕೆಳಗಿಟ್ಟಳು. ಕೂಗಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇದು ಈಗ ಸತ್ತಿದೆ" ಎಂದಳು.

ಆಮೇಲೆ, ತರಗತಿಗೆಂದು ಕಲಿತಿದ್ದ ಪಾಠವನ್ನೆಲ್ಲ ಒಬ್ಬನೇ ವಿದ್ಯಾರ್ಥಿಗೆ ಒಪ್ಪಿಸಿದಳು. ಕಿತ್ತಳೆ ಚೀಲ ಮೈಟೊಕಾಂಡ್ರಿಯ. ಜೀವಕೋಶಕ್ಕೆ ಶಕ್ತಿ ಒದಗಿಸುವ ಕೆಲಸ ನಡೆಯುವುದೇ ಅದರ ಒಳನೆರಿಗೆಗಳ ಮೇಲೆ. ನೆರಿಗೆ ಹೆಚ್ಚಿದಷ್ಟೂ ಕೆಲಸಕ್ಕೆ ಜಾಗ ಹೆಚ್ಚು. ನೀಲಿಯದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. (ಆ ಹೆಸರು ಮುಗಿಯುವಷ್ಟರಲ್ಲಿ ಒಂದು ಅಂಗಿಗೆ ಇಸ್ತ್ರಿ ಹಾಕಬಹುದಿತ್ತು.) ಅದರ ಮೇಲಿನ ಗಂಟುಗಳು ರೈಬೋಸೋಮ್, ಪ್ರೋಟೀನು ತಯಾರಿಸುವವು. ಆ ಪ್ರೋಟೀನನ್ನು ಗಾಲ್ಗಿ ಎಂಬ ಪದರಗಳ ರಾಶಿಯು ಪೊಟ್ಟಣ ಕಟ್ಟಿ ಕಳಿಸುತ್ತದೆ. ಸಾಗಿಸುವುದು ಪುಟಾಣಿ ಚೀಲಗಳು.

"ಆ ಚೀಲಗಳೆಲ್ಲಿ?"

ಅವು ಆಗಲೇ ಸಾಗಾಟ ಶುರುಮಾಡಿ ಮೂರು ಬೀದಿ ದಾಟಿದ್ದವು!

ಇಸ್ತ್ರಿಯವನು ಓಡಿದ. ಗಾಡಿಯವನು ಏನು ಕಳೆದುಹೋಯಿತೆಂದು ಕೇಳಿದಾಗ, ಜೀವಕೋಶದ ಸಾಮಾನು ಎಂದು ಏದುಸಿರಿನಲ್ಲೇ ಹೇಳಿದ. ಗಾಡಿಯವನು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಇಸ್ತ್ರಿಯವನು ಮೊಣಕೈವರೆಗೆ ಕಸಕ್ಕೆ ಕೈಹಾಕಿ ಹದಿನಾಲ್ಕು ಚೀಲಗಳನ್ನು ಹೆಕ್ಕಿಕೊಂಡು ವಾಪಸು ಓಡಿದ.

ಚೀಲಗಳನ್ನು ಒಗೆದು, ಅವನ ಪೆಟ್ಟಿಗೆಯ ಬಿಸಿಯಲ್ಲೇ ಒಣಗಿಸಿದ್ದಾಯಿತು. ಬಟ್ಟೆಗೆ ಸುಕ್ಕು ಹಿಡಿಸುವುದು ಎಷ್ಟು ಕಷ್ಟ ಎಂಬುದು ಅವನಿಗೆ ಆವತ್ತೇ ತಿಳಿದದ್ದು. ಗಂಜಿ ಕುಡಿದ ಮೈಟೊಕಾಂಡ್ರಿಯವನ್ನು ನೆನೆಸಿದ, ಹಿಂಡಿದ, ಮುದುಡಿದ. ಅದು ಸೆಟೆದು ಮತ್ತೆ ನೆಟ್ಟಗಾಯಿತು. ಇಪ್ಪತ್ತೆರಡು ವರ್ಷದ ವಿದ್ಯೆಯನ್ನೆಲ್ಲ ತಿರುಗುಮುರುಗು ಮಾಡಿ, ನೆರಿಗೆ ಮೊದಲಿದ್ದಲ್ಲೇ ಬೀಳುವಂತೆ ಒಂದೊಂದನ್ನೂ ಬೆರಳಲ್ಲಿ ಒತ್ತಿ ಹಿಡಿದ. ಅವಳು ಹಿಂದೆಯೇ ಹೊಲಿಗೆ ಹಾಕುತ್ತ ಬಂದಳು. ಅರವತ್ತು ಗಂಟು ಮತ್ತೆ ಹಾಕಲು ಹೊತ್ತಿರಲಿಲ್ಲ. ಡಬ್ಬಿಯಲ್ಲಿದ್ದ ಬಿಳಿ ಗುಂಡಿಗಳನ್ನೆಲ್ಲ ಜಾಲದ ಮೇಲೆ ಹೊಲಿದಳು. ಐವತ್ನಾಲ್ಕಕ್ಕೆ ಡಬ್ಬಿ ಖಾಲಿ. ಅವಳ ಕಣ್ಣು ಅವನ ಅಂಗಿಯ ಮೇಲೆ ನಿಂತಿತು.

ಅವನು ತನ್ನ ಅಂಗಿಯ ಆರೂ ಗುಂಡಿಗಳನ್ನು ತಾನೇ ಕಿತ್ತುಕೊಟ್ಟ.

ಮೂರು ಗಂಟೆಗೆ ಅವಳು ಕರಿಹಲಗೆಯ ಪಕ್ಕದಲ್ಲಿ ನಿಂತಳು. ಮೊದಲ ಮಾತು ಒಂದಿಷ್ಟು ನಡುಗಿತು. ಎರಡನೆಯದರಿಂದ ದಾರ ತುಂಡಾಗದೆ ಸಾಗಿತು. ಟೀಚರ್ ಮಕ್ಕಳ ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ನೆರಿಗೆಗಳ ಬಳಿ ಬಂದಾಗ ಅವಳು, "ಇವು ನಮ್ಮ ಯಜಮಾನರ ಕೈಕೆಲಸ" ಎಂದಳು. ಹಿಂದೆ ನಿಂತಿದ್ದ ಯಜಮಾನರ ಎದೆ ಉಬ್ಬಿತು. ಗುಂಡಿಯಿಲ್ಲದ ಅಂಗಿ ಬಾಯಿಬಿಟ್ಟಿದ್ದರಿಂದ ಅದನ್ನು ಎರಡೂ ಕೈಯಲ್ಲಿ ಅವಚಿ ಹಿಡಿಯಬೇಕಾಯಿತು.

ಒಬ್ಬ ಹುಡುಗಿ ಕೆಂಪು ಚೀಲ ತೋರಿಸಿ ಅದೇನೆಂದು ಕೇಳಿದಳು.

"ಅದು ಲೈಸೋಸೋಮ್ ಮಗಳೇ. ಹಳೇದಾಗಿದ್ದು, ಹಾಳಾಗಿದ್ದು, ಬೇಡದ್ದು, ಎಲ್ಲಾನೂ ಕರಗಿಸಿ ಮನೇನ ಚೊಕ್ಕಟವಾಗಿ ಇಡುತ್ತೆ."

ಇಸ್ತ್ರಿಯವನಿಗೆ ತಡೆಯಲಾಗಲಿಲ್ಲ. "ಅಂದ್ರೆ ನನ್ನ ಹಾಗೇ ಅನ್ನು!"

ಅವಳು ತಿರುಗಿಯೂ ನೋಡಲಿಲ್ಲ. "ಇಲ್ಲ. ಅದಕ್ಕೆ ಯಾವುದು ಕಸ ಅಂತ ಗೊತ್ತಿರುತ್ತೆ."

ತರಗತಿಯೇ ಘೊಳ್ಳೆಂದಿತು. ಅವನಿಗೂ ಹೊಟ್ಟೆ ಹಿಡಿದುಕೊಂಡು ನಗಬೇಕೆನ್ನಿಸಿತು. ಏನು ಮಾಡುವುದು, ಎರಡೂ ಕೈ ಅಂಗಿ ಹಿಡಿದುಕೊಂಡಿದ್ದವು.