ತಿರುಮಲಮ್ಮ ಒಯ್ದ ಆಲ್ಬಮ್

ತಿರುಮಲಮ್ಮನವರು ಅಂದು ಕನ್ನಡಕ ಮರೆತು ಮನೆ ಬಿಟ್ಟದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಮಳವಳ್ಳಿ ಸುತ್ತಿನ ಅಯ್ಯಂಗಾರರ ಮನೆಗಳಿಗೆ ಗಂಡು ಹೆಣ್ಣು ಹುಡುಕಿಕೊಡುವುದು ಆಕೆಯ ಕಸುಬು. ಕಸುಬು ಅಂದರೆ ಆಕೆಗೆ ಸಿಟ್ಟು, ಪುಣ್ಯದ ಕೆಲಸ ಅನ್ನಬೇಕು. ಬಸ್ ಸ್ಟ್ಯಾಂಡ್ ಹಿಂದಿನ ವೆಂಕಟೇಶಮೂರ್ತಿಯ ಸ್ಟುಡಿಯೋದಲ್ಲಿ ಮದುವೆ ವಯಸ್ಸಿನವರ ಫೋಟೋ ಅಂಟಿಸಿದ ಕಪ್ಪು ರಟ್ಟಿನ ಆಲ್ಬಮ್ ಒಂದಿತ್ತು. ಅದನ್ನು ಬೇಕಾದಾಗ ಒಯ್ಯುವುದು, ಕೆಲಸವಾದ ಮೇಲೆ ತಂದಿಡುವುದು ಆಕೆಯ ರೂಢಿ.

ಮೂರ್ತಿ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದಾಗ ಆಕೆ ಬಂದರು. ಮೇಜಿನ ಮೇಲಿದ್ದ ಕಪ್ಪು ಆಲ್ಬಮನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿಬಿಟ್ಟರು. ಅಂಥದೇ ಇನ್ನೊಂದು ಕಪ್ಪು ಆಲ್ಬಮ್ಮೂ ಅಲ್ಲಿತ್ತೆಂದು ಪಾಪ, ಆಕೆಗೇನು ಗೊತ್ತು?

ಆ ಇನ್ನೊಂದರ ಸಂಗತಿಯೇ ಬೇರೆ. ಯಲಿಯೂರಿನಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಒಲೆ ಹಚ್ಚಿಕೊಂಡು ಗಂಡಹೆಂಡಿರಂತೆ ಬಾಳುತ್ತಿದ್ದ ಮುದ್ದಮ್ಮ ಮತ್ತು ದೇವಿರಮ್ಮ ಅದರ ಮೊದಲ ಪುಟದಲ್ಲಿದ್ದರು. ಮುತ್ತತ್ತಿಯಲ್ಲಿ ತೆಪ್ಪ ಹಾಕುವ ಚಿಕ್ಕಮಾದು, ಅವನ ಜೀವದ ಜೀವ ಅಂಕಯ್ಯ ಇದ್ದರು. ಸೋಮನಹಳ್ಳಿಯವರೆಲ್ಲ ಮರಿಸಿದ್ದಯ್ಯ ಎಂದು ಕರೆಯುತ್ತಿದ್ದ ಜೀವ, “ನನ್ನ ಸೋಮಮ್ಮ ಅನ್ನಿ ಸ್ವಾಮಿ” ಎಂದು ಬೇಡಿಕೊಂಡು, ಸೀರೆಯುಟ್ಟು, ಮೊಳ ಮಲ್ಲಿಗೆ ಮುಡಿದು ಕೂತ ಪಟವಿತ್ತು. ಒಟ್ಟು ಹದಿನಾಲ್ಕು ಪುಟ. ಪ್ರತಿ ಪಟದ ಕೆಳಗೂ ಅವರವರು ಹೇಳಿದ ಬದುಕಿನ ಕತೆಯನ್ನು ಮೂರ್ತಿ ಆರು ವರ್ಷದಿಂದ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದ. “ನಾನಿರೋವರೆಗೂ ಇದು ಬೇರೆಯವರ ಕಣ್ಣಿಗೆ ಬೀಳಲ್ಲ” ಎಂದು ಎಲ್ಲರಿಗೂ ಮಾತು ಕೊಟ್ಟಿದ್ದ. ಯಾರಾದರೂ ಓದಿದರೆ ಅವರೆಲ್ಲ ಊರು ಬಿಡಬೇಕು, ಇಲ್ಲ ಬಾವಿ ನೋಡಿಕೊಳ್ಳಬೇಕು.

ಹದಿನಾಲ್ಕನೆಯ ಪುಟದಲ್ಲಿ ಮೂರ್ತಿ ತಾನೇ ಇದ್ದ. ಪಕ್ಕದಲ್ಲಿ ಸೊಸೈಟಿ ಗುಮಾಸ್ತ ಸಂಪತ್ ಕುಮಾರ. ಊರಿನ ಲೆಕ್ಕದಲ್ಲಿ ಅವನು ಮೂರ್ತಿಯ ಮನೆಯ ಬಾಡಿಗೆದಾರ.

“ಲೇ ಮೂರ್ತಿ, ಆ ಅಮ್ಮ ನಿನ್ ಬುಕ್ಕು ಎತ್ಕೊಂಡು ಮದ್ದೂರ್ ಬಸ್ ಅತ್ತುದ್ರು ಕಣ್ಲಾ!” ಎಂದ ಪಕ್ಕದ ಸೈಕಲ್ ಶಾಪಿನ ಪುಟ್ಟಮಾದಯ್ಯ.

“ಯಾವ ಬುಕ್ಕು?”

“ಕರೀದು.”

ಮೂರ್ತಿ ಡ್ರಾಯರ್ ಎಳೆದು ನೋಡಿದ. ಮದುವೆಯ ಆಲ್ಬಮ್ ಅಲ್ಲೇ ತಣ್ಣಗೆ ಮಲಗಿತ್ತು. ಬೆಳಿಗ್ಗೆ ಬರೆಯಲೆಂದು ತೆಗೆದ ಇನ್ನೊಂದನ್ನು ಅವನು ಮೇಜಿನ ಮೇಲೇ ಮರೆತಿದ್ದ. ಸ್ಟುಡಿಯೋ ಬಾಗಿಲು ತೆರೆದಿದ್ದಂತೆಯೇ ಬಿಟ್ಟು ಓಡಿದ.

“ಅದ್ಯಾಕ್ಲಾ ಅಂಗ್ ಬೆವರ್ತಿದ್ದೀ? ಅದ್ರೊಳಗೇನು ಬಂಗಾರ ಮಡಗಿದ್ಯಾ?” ಎಂದು ಪುಟ್ಟಮಾದಯ್ಯ ಹಿಂದಿನಿಂದ ಕೂಗಿದ. ಹಾಳಾದವನು, ಕೂಗಿದ್ದು ಇಡೀ ಬಸ್ ಸ್ಟ್ಯಾಂಡಿಗೇ ಕೇಳಿಸಿತು.

ಮದ್ದೂರಿನ ಬಸ್ಸೋ, ಕಂಡಕಂಡಲ್ಲಿ ನಿಂತಿತು. ಒಬ್ಬಳು ಕೋಳಿ ಹತ್ತಿಸಿದಳು, ಇನ್ನೊಬ್ಬಳು ಅದನ್ನು ಇಳಿಸೆಂದು ಜಗಳ ತೆಗೆದಳು. ಮೂರ್ತಿ ತಲೆಯ ಮೇಲೆ ಕೈಹೊತ್ತು ಕೂತ.

ಮದ್ದೂರಿಗೆ ಬಂದಾಗಲೆಲ್ಲ ತಿರುಮಲಮ್ಮ ಮೊದಲು ಹೋಗುವುದು ಗೋದಮ್ಮನವರ ಮನೆಗೆ. ಮೂರ್ತಿ ಅಲ್ಲಿಗೆ ಓಡಿದಾಗ ಗೋದಮ್ಮ ಅವರೆಕಾಳು ಸುಲಿಯುತ್ತಿದ್ದರು.

“ಮಂಡ್ಯಕ್ಕೆ ಹೋಗಿ ಒಂದು ಗಂಟೆ ಮೇಲಾಯ್ತಪ್ಪ. ಎಷ್ಟು ಚೆನ್ನಾಗಿ ತೆಗೆದಿದೀಯೋ ಫೋಟೋಗಳನ್ನ! ಮೊದಲನೇ ಪುಟದಲ್ಲಿ ಅತ್ತಿಗೆ ನಾದಿನಿ ಎಷ್ಟು ಅನ್ಯೋನ್ಯ! ಆ ಮಲ್ಲಿಗೆ ಮುಡಿದ ಹುಡುಗೀನ ನಮ್ಮ ಅಣ್ಣನ ಮಗನಿಗೆ ಕೇಳಿದೀನಿ. ಎತ್ತರ ಸ್ವಲ್ಪ ಜಾಸ್ತಿ. ಆದರೇನು, ಮುಖದಲ್ಲಿ ಲಕ್ಷ್ಮೀಕಳೆ.”

ಅಷ್ಟು ಗಾಬರಿಯಲ್ಲೂ ಮೂರ್ತಿಗೆ ಸಂತೋಷವಾಯಿತು. ಈ ಮಾತನ್ನು ಸೋಮಮ್ಮ ಕೇಳಿದ್ದರೆ ಒಂದು ವಾರ ಊಟ ಬಿಟ್ಟು ಕುಣಿಯುತ್ತಿದ್ದಳು.

“ಕೆಳಗೆ ಬರೆದಿದ್ದನ್ನ ಓದಿದ್ರಾ?” ಎಂದ.

“ನನಗೆಲ್ಲಿ ಓದು ಬರತ್ತೆ? ತಿರುಮಲಮ್ಮ ಕನ್ನಡಕ ತಂದಿಲ್ಲ. ಮಂಡ್ಯದಲ್ಲಿ ತಿರುನಾರಾಯಣ ಮೇಷ್ಟ್ರು ಎಲ್ಲರೆದುರು ಗಟ್ಟಿಯಾಗಿ ಓದ್ತಾರಂತೆ, ಗೋತ್ರ ನಕ್ಷತ್ರ ಎಲ್ಲಾ.”

ಗೋದಮ್ಮ ಕೊಟ್ಟ ನೀರನ್ನೂ ಕುಡಿಯದೆ ಮೂರ್ತಿ ಎದ್ದ.

ತಿರುನಾರಾಯಣ ಮೇಷ್ಟ್ರಿಗೆ ಒಬ್ಬಳೇ ಮಗಳು, ಆಂಡಾಳ್. ಇಪ್ಪತ್ತೊಂಬತ್ತು ವರ್ಷ, ಸ್ಕೂಲು ಟೀಚರು. ಬಂದ ಹನ್ನೊಂದು ಗಂಡುಗಳನ್ನೂ ಒಂದೊಂದು ನೆಪ ಹೇಳಿ ಅಟ್ಟಿದವಳು. ಮೂರ್ತಿ ಆ ಮನೆ ಹೊಕ್ಕಾಗ ಆಲ್ಬಮ್ ಅವಳ ತೊಡೆಯ ಮೇಲಿತ್ತು. ತಿರುಮಲಮ್ಮ ಎಲೆಯಡಿಕೆ ಜಗಿಯುತ್ತಿದ್ದರು. ಮೇಷ್ಟ್ರು ಕನ್ನಡಕ ಒರೆಸುತ್ತ, “ಒಂದು ಗಂಟೆಯಿಂದ ನೀನೇ ಇಟ್ಕೊಂಡು ಕೂತಿದೀಯಲ್ಲಮ್ಮ, ಕೊಡು, ನಾನು ಓದ್ತೀನಿ” ಎನ್ನುತ್ತಿದ್ದರು.

“ಓದಬೇಡಿ!” ಮೂರ್ತಿ ಕಿರುಚಿದ.

ಎಲ್ಲರೂ ತಿರುಗಿ ನೋಡಿದರು. ಯಾಕೆ ಓದಬಾರದು? ಗೋಡೆಯ ಮೇಲೆ ಗಂಧದ ಹಾರ ಹಾಕಿದ ಮೇಷ್ಟ್ರ ತಂದೆಯ ಪಟ ಕಣ್ಣಿಗೆ ಬಿತ್ತು.

“ಅವರೆಲ್ಲ ಸತ್ತುಹೋದವರು ಸಾರ್! ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಕೆ ಮನೆಯವರು ಮಾಡಿಸಿದ ಪಟಗಳು. ತಿರುಮಲಮ್ಮ ತಪ್ಪಿ ತಂದುಬಿಟ್ಟಿದಾರೆ.”

“ಪೆರುಮಾಳೇ!” ತಿರುಮಲಮ್ಮ ಎದೆ ಬಡಿದುಕೊಂಡರು. “ಮದ್ದೂರಲ್ಲಿ ಗೋದಮ್ಮನ ಅಣ್ಣನ ಮಗನಿಗೆ ಒಬ್ಬಳನ್ನ ಗೊತ್ತು ಮಾಡಿ ಬಂದೆನಲ್ಲೋ!”

“ಶುಭಕಾರ್ಯಕ್ಕೆ ಎಂಥಾ ಅಪಶಕುನ! ಆಂಡಾಳ್, ಅದನ್ನ ಕೆಳಗಿಡು, ಎದ್ದು ಸ್ನಾನ ಮಾಡು” ಎಂದು ಮೇಷ್ಟ್ರು ಮಾರುದೂರ ಸರಿದರು. ಆಲ್ಬಮ್ ನೆಲದ ಮೇಲೆ ಬಿತ್ತು. ಮೂರ್ತಿ ಹದ್ದಿನಂತೆ ಎರಗಿ ಅದನ್ನೆತ್ತಿ ಎದೆಗವಚಿಕೊಂಡ. ಬದುಕಿದೆಯಾ ಬಡಜೀವವೇ ಎಂದುಕೊಂಡ.

“ಹಾಗಾದರೆ ಇದು?” ಎಂದರು ಮೇಷ್ಟ್ರು. ಅವರ ಕೈಯಲ್ಲಿ ಆಲ್ಬಮಿನಿಂದ ಬಿಡಿಸಿದ ಒಂದು ಫೋಟೋ ಇತ್ತು. “ಎಡಗಡೆ ನಿಂತಿರೋರು ಆಗಬಹುದು ಅಂತ ಈಗ ತಾನೆ ಇವಳು ಬಾಯಿಬಿಟ್ಟು ಹೇಳಿದಾಳೆ. ಹನ್ನೆರಡನೇದಕ್ಕಾದರೂ ಒಪ್ಪಿದಳಲ್ಲ ಅಂತ ನಾನು ದೇವರಿಗೆ ಕೈ ಮುಗಿದೆ. ಇವರೂ ಸತ್ತಿದಾರೋ?”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಮೂರ್ತಿಯನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

“ನೀವೇ ಅಲ್ಲವೇನ್ರೀ!”

“ಅಯ್ಯೋ, ನಮ್ಮ ಮೂರ್ತಿನೇ!” ತಿರುಮಲಮ್ಮ ಲಟಿಕೆ ಮುರಿದರು. “ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲಾ ತುಪ್ಪ ಹುಡುಕಿದೆನಲ್ಲಪ್ಪ! ಗೋತ್ರಾನೂ ಬೇರೆ.”

“ಸತ್ತವರ ಆಲ್ಬಮಿನಲ್ಲಿ ನಿಮ್ಮ ಫೋಟೋ ಯಾಕೆ?” ಮೇಷ್ಟ್ರು ಮೇಷ್ಟ್ರೇ, ಬಿಡುತ್ತಾರೆಯೇ?

ಇಲ್ಲಿ ತಡವರಿಸಿದರೆ ಆಲ್ಬಮ್ ಮತ್ತೆ ಬಿಚ್ಚುತ್ತದೆ. “ಪಕ್ಕದಲ್ಲಿರೋನು ಸಾರ್... ನನ್ನ ಸ್ನೇಹಿತ. ಅವನು ಹೋಗಿಬಿಟ್ಟ.”

“ಯಾವಾಗ?”

“ಮೂರು ತಿಂಗಳಾಯ್ತು” ಎನ್ನುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

“ಪಾಪ, ಮೃದು ಮನಸ್ಸು” ಎಂದರು ಮೇಷ್ಟ್ರು ಮೆಚ್ಚಿಕೊಂಡು. “ಭಾನುವಾರ ನಾವೆಲ್ಲ ಮನೆ ನೋಡೋಕೆ ಬರ್ತೀವಿ.” ಇನ್ನೇನು ಹೇಳುವುದು? ಆಗಲ್ಲ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಎಂಬುದು ಆಲ್ಬಮಿನಲ್ಲಿತ್ತು.

ಆಂಡಾಳ್ ಬಾಗಿಲ ತನಕ ಬಂದಳು. “ಎಲ್ಲಾ ಓದಿದೆ” ಎಂದಳು ಪಿಸುದನಿಯಲ್ಲಿ. “ನಿಮ್ಮದನ್ನ ಎರಡು ಸಲ ಓದಿದೆ. ಅದಕ್ಕೇ ನಿಮ್ಮನ್ನ ಆರಿಸಿದ್ದು. ನಮ್ಮ ಸ್ಕೂಲಲ್ಲಿ ಶಿವನಂಜಮ್ಮ ಅಂತಿದಾರೆ. ಅವರನ್ನ ಬಿಟ್ಟು ನನಗೆ ಬದುಕಿಲ್ಲ. ಇಂಥವಳು ಪ್ರಪಂಚದಲ್ಲಿ ನಾನೊಬ್ಬಳೇ ಅಂತ ಇವತ್ತಿನವರೆಗೂ ಅಂದ್ಕೊಂಡಿದ್ದೆ. ಹೆಸರಿಗೊಂದು ಮದುವೆ ಆದರೆ ನಾವು ನಾಲ್ಕು ಜನವೂ ಬದುಕ್ಕೋತೀವಿ. ಕೋಪ ಮಾಡ್ಕೋಬೇಡಿ.”

ಮೂರ್ತಿಗೆ ಕೋಪ ಬರಲಿಲ್ಲ. ಅಳು ಬಂತು. ಆಲ್ಬಮ್ ಹಿಡಿದುಕೊಂಡು ಬಸ್ಸು ಹತ್ತಿದ.

ಮಳವಳ್ಳಿಯಲ್ಲಿ ದೀಪ ಹಚ್ಚುವ ಹೊತ್ತು. ಸಂಪತ್ ಬಾಗಿಲಲ್ಲೇ ಕಾಯುತ್ತಿದ್ದ. ಪುಟ್ಟಮಾದಯ್ಯನಿಂದ ಸುದ್ದಿ ಕೇಳಿ ಅವನ ಮುಖ ಬಿಳಿಚಿಕೊಂಡಿತ್ತು.

“ಸಿಕ್ತೇನೋ?”

“ಸಿಕ್ತು. ಓದಿದ್ದು ಒಬ್ಬಳೇ, ಅವಳು ಹೇಳಲ್ಲ. ಹದಿಮೂರು ಪುಟದವರೂ ಬಚಾವು.”

“ಅಬ್ಬಾ!” ಸಂಪತ್ ನಿಟ್ಟುಸಿರು ಬಿಟ್ಟ. “ಕಾಲು ತೊಳ್ಕೊಂಡು ಬಾ. ಹುಳಿ ಆರ್ತಾ ಇದೆ.”

ಮೂರ್ತಿ ಅಲ್ಲೇ ಜಗುಲಿಯ ಮೇಲೆ ಕುಸಿದ. “ಭಾನುವಾರ ನೀನು ಮನೇಲಿರಬಾರದು ಕಣೋ. ಹೆಣ್ಣಿನ ಕಡೆಯವರು ಬರ್ತಾರೆ.”

“ಯಾರಿಗೆ ಹೆಣ್ಣು?”

“ನನಗೆ.”

ಸಂಪತ್ ಅವನ ಪಕ್ಕದಲ್ಲಿ ಕೂತು, “ಬರಲಿ. ನಾನ್ಯಾಕೆ ಹೋಗಬೇಕು? ಬಾಡಿಗೆದಾರ ಅಂತ ಮೂಲೇಲಿ ಕೂತಿರ್ತೀನಿ” ಎಂದ.

“ಕೂರೋಕಾಗಲ್ಲ ಕಣೋ” ಎಂದ ಮೂರ್ತಿ, ಅವನ ಕೈ ಹಿಡಿದುಕೊಂಡು. “ನೀನು ಸತ್ತು ಮೂರು ತಿಂಗಳಾಯ್ತು.”