ನೀರುಚಿಗಟದ ಬಾಣಂತನ

ಪ್ಲವಕಗಳ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಒಪ್ಪಿಸುತ್ತೇನೆ. “ನೀರಿನಲ್ಲಿ ತೇಲುತ್ತಾ, ನೀರು ಒಯ್ದ ಕಡೆಗೆ ಹೋಗುವ ಅತಿ ಸಣ್ಣ ಜೀವಿಗಳೇ ಪ್ಲವಕಗಳು.” ಇಷ್ಟು ಹೇಳಿ, ಅವುಗಳಲ್ಲೊಂದಾದ ನೀರುಚಿಗಟದ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಅದು ಮೀಸೆ ಬಂದ ಬದನೆಕಾಯಿಯಂತೆ ಕಾಣುತ್ತದೆ. ಮಕ್ಕಳೂ ಮೀಸೆ ಬಂದ ಬದನೆಕಾಯಿಯನ್ನೇ ಬರೆದು ಅಂಕ ಪಡೆಯುತ್ತಾರೆ. ಹೀಗೆ ಎಲ್ಲರೂ ಸುಖವಾಗಿದ್ದೆವು. ಒಂದೇ ಒಂದು ಸಣ್ಣ ಕೊರತೆಯೆಂದರೆ, ಆ ಪ್ರಾಣಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ!

ಈ ವರ್ಷ ನಮ್ಮ ಶಾಲೆಗೆ ಡಿಜಿಟಲ್ ಮೈಕ್ರೋಸ್ಕೋಪ್ ಬಂತು. ನಮ್ಮದು ನರಸಿಂಹರಾಜಪುರದ ಹತ್ತಿರ, ಭದ್ರಾ ಹಿನ್ನೀರಿಗೆ ಕೂಗಳತೆಯಲ್ಲಿರುವ ಪ್ರೌಢಶಾಲೆ. ಉಪಕರಣವೇನೋ ಸರಳ. ಟಾರ್ಚಿನಂಥ ಒಂದು ಕೊಳವೆ, ಅದಕ್ಕೊಂದು ಸ್ಟ್ಯಾಂಡು, ಹಿಂದೊಂದು ವೈರು. ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಕೊಳವೆ ಕಂಡದ್ದೆಲ್ಲ ತರಗತಿಯ ದೊಡ್ಡ ಟಿವಿಯಲ್ಲಿ ಮೂಡುತ್ತದೆ. ಇದನ್ನು ಬಳಸುವುದು ಹೇಗೆಂದು ಕೊಪ್ಪದಲ್ಲಿ ತರಬೇತಿಯನ್ನೂ ಕೊಟ್ಟಿದ್ದರು. ತರಬೇತಿ ಊಟದ ನಂತರವಿತ್ತು. ಊಟದಲ್ಲಿ ಹೋಳಿಗೆಯಿತ್ತು. ಹಾಗಾಗಿ ತರಬೇತಿಯ ಮುಖ್ಯ ಭಾಗವನ್ನು ನಾನು ಕಣ್ಣು ಮುಚ್ಚಿಕೊಂಡೇ ಗ್ರಹಿಸಿದೆ.

ಮೊದಲು ಪ್ಲವಕಗಳನ್ನು ಹಿಡಿಯಬೇಕಲ್ಲ! ಅದಕ್ಕೆ ತೀರಾ ನವಿರಾದ ಬಟ್ಟೆಯ ಬಲೆ ಬೇಕು. ಭಾನುವಾರ ಕಪಾಟು ತಡಕಿ, ಕೆಂಪಂಚಿನ ತೆಳ್ಳನೆಯ ಪಂಚೆಯೊಂದನ್ನು ಹುಡುಕಿ, ಕತ್ತರಿಸಿ, ಬಳೆಯಾಕಾರದ ತಂತಿಗೆ ಹೊಲಿಯುತ್ತಾ ಕೂತೆ. ಅಷ್ಟರಲ್ಲಿ ನಮ್ಮವರು ಅಂಗಡಿಯಿಂದ ಬಂದರು. ಪೇಟೆಯಲ್ಲಿ ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ.

“ಎಂತ ಮಾರಾಯ್ತಿ ಅದು, ಬಲೆಯಾ?”

“ಪ್ಲವಕ ಹಿಡಿಯೋ ಬಲೆ.”

“ಜನಗಣತಿ ಮಾಡ್ಸಿದ್ರು, ದನದ ಲೆಕ್ಕ ಬರೆಸಿದ್ರು. ಈಗ ಮೇಡಂಗಳಿಗೆ ಮೀನು ಹಿಡಿಯೋ ಡ್ಯೂಟಿನೂ ಹಾಕಿದ್ರಾ?” ಎಂದು ನಗುತ್ತಾ ಬಲೆಯನ್ನು ಎತ್ತಿ ನೋಡಿದರು. ನಗು ನಿಂತಿತು. “ಈ ಅಂಚನ್ನ ನಾನು ಎಲ್ಲೋ ನೋಡಿದ ಹಾಗಿದ್ಯಲ್ಲ!”

“ಹಳೇದಲ್ವಾ?”

“ಹಳೇದಾ? ಅಕ್ಕನ ಮಗನ ಮದುವೆಗೆ ಅಂತ ಮಡಿಕೆ ಬಿಚ್ಚದೆ ಇಟ್ಟಿದ್ದು!”

ವಿಜ್ಞಾನಕ್ಕಾಗಿ ತ್ಯಾಗ ಮಾಡಿದ ಮಹನೀಯರ ಸಾಲಿಗೆ ಅಂದು ನಮ್ಮವರೂ ಸೇರಿದರು. ಅವರ ಒಪ್ಪಿಗೆಯೊಂದಿರಲಿಲ್ಲ, ಅಷ್ಟೇ.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, ಹಿನ್ನೀರಿನ ದಡದಲ್ಲಿ ಬಲೆಯನ್ನು ಎಳೆದೆ. ಒಂದು ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ಆದರೂ ಬಲೆಯಲ್ಲಿ ಸೋಸಿ ಉಳಿದ ನೀರು ಬಾಟಲಿ ಸೇರಿತು. ಒಂಟಿ ಚಪ್ಪಲಿಯನ್ನು ಸ್ಕೂಟರಿನ ಬುಟ್ಟಿಯಲ್ಲಿಟ್ಟುಕೊಂಡು, ಬರಿಗಾಲಿನಲ್ಲಿ, ಬೀಗುತ್ತಾ ಎಂಟನೇ ತರಗತಿಯನ್ನು ಪ್ರವೇಶಿಸಿದೆ.

ಡ್ರಾಪರಿನಿಂದ ನಾಲ್ಕಾರು ಹನಿಯನ್ನು ಗಾಜಿನ ಬಟ್ಟಲಿಗೆ ಬಿಟ್ಟು ಕೊಳವೆಯನ್ನು ಅದರ ಮೇಲೆ ತಂದೆ. ಟಿವಿಯಲ್ಲಿ ಮಂಜು ಕವಿಯಿತು. ತಿರುಪನ್ನು ತಿರುಗಿಸಿದೆ. ಮಂಜು ಹೋಗಿ ಕತ್ತಲೆಯಾಯಿತು. ಮತ್ತೆ ತಿರುಗಿಸಿದೆ. ಆಹಾ! ಪರದೆಯ ಈ ತುದಿಯಿಂದ ಆ ತುದಿಯವರೆಗೆ ಉದ್ದಕ್ಕೆ ಮಲಗಿದ್ದ, ಮೈತುಂಬ ಕೂದಲಿನ ಕೆಂಪು ಪ್ರಾಣಿ!

“ಮಕ್ಕಳೇ, ಇದೇ ಪ್ರಾಣಿಪ್ಲವಕ!” ಎಂದು ಘೋಷಿಸಿದೆ. “ಇದರ ಮೈಮೇಲಿನ ರೋಮಗಳನ್ನು ಗಮನಿಸಿ. ಇವು ಈಜಲು ಸಹಕಾರಿ. ಕೆಂಪು ಬಣ್ಣವನ್ನು ಗಮನಿಸಿ. ಇದು ರಕ್ತದ ಬಣ್ಣ.”

ಮಕ್ಕಳು ಬಾಯಿ ತೆರೆದು ಕೇಳಿದರು. ನನಗೂ ಹುಮ್ಮಸ್ಸು ಬಂತು. ಬಾಯಿ ಯಾವುದು, ಹೊಟ್ಟೆ ಯಾವುದು ಎಂದು ಕೋಲು ಹಿಡಿದು ತೋರಿಸಿದೆ. ಮುಂದಿನ ಬೆಂಚಿನ ಸಹನಾ ಕೈಯೆತ್ತಿದಳು.

“ಮೇಡಂ, ಅದು ಅಲ್ಲಾಡ್ತಾನೇ ಇಲ್ವಲ್ಲ?”

“ವಿಶ್ರಾಂತಿಯಲ್ಲಿದೆ.”

“ಮೇಡಂ, ಅದರ ಬಾಲದಲ್ಲಿ ಗಂಟು ಹಾಕಿದೆ.”

ನೋಡಿದೆ. ಹೌದು, ಗಂಟು ಹಾಕಿತ್ತು. ಭಾನುವಾರ ಸಂಜೆ ನಾನೇ ಹಾಕಿದ್ದೆ! ಅಷ್ಟು ಹೊತ್ತು ನಾನು ನಮ್ಮವರ ಪಂಚೆಯ ಅಂಚಿನ ನೂಲಿಗೆ ಹೊಟ್ಟೆ, ಬಾಯಿ, ರಕ್ತ ಎಲ್ಲವನ್ನೂ ದಯಪಾಲಿಸಿದ್ದೆ.

ತರಗತಿ ಬಿದ್ದು ಬಿದ್ದು ನಕ್ಕಿತು. ಮುಖ ಕೆಂಪಾಗಿ, ಸೂಜಿಯಿಂದ ನೂಲನ್ನು ಎತ್ತಿ ಎಸೆದೆ. ಬಟ್ಟಲು ಅಲುಗಿತು. ಆಗ ಪರದೆಯ ಮೂಲೆಯಿಂದ ಏನೋ ಒಂದು ಚಂಗನೆ ಹಾರಿ ನಡುವಿಗೆ ಬಂದು ನಿಂತಿತು.

ನಗು ತಾನಾಗಿ ನಿಂತುಹೋಯಿತು.

ಅದು ನೀರುಚಿಗಟ. ಇಡೀ ಮೈ ಗಾಜು! ಒಳಗಿರುವುದೆಲ್ಲ ಹೊರಗೇ ಕಾಣುತ್ತಿತ್ತು. ಒಂದೇ ಒಂದು ಕಪ್ಪು ಕಣ್ಣು ಆಚೀಚೆ ತಿರುಗುತ್ತಿತ್ತು. ಕವಲೊಡೆದ ಎರಡು ತೋಳುಗಳನ್ನು ಬೀಸಿ ಬೀಸಿ ಅದು ಜಿಗಿಯುತ್ತಿತ್ತು. ಕರುಳಿನೊಳಗೆ ಅದು ತಿಂದದ್ದು ಹಸಿರು ಗೆರೆಯಾಗಿ ಕಾಣುತ್ತಿತ್ತು. ಬೆನ್ನಿನ ಹತ್ತಿರ, ಸಾಸಿವೆಯ ನೆರಳಿನಷ್ಟೂ ಇಲ್ಲದ ಜಾಗದಲ್ಲಿ, ಏನೋ ಪಟಪಟನೆ ಮಿಡಿಯುತ್ತಿತ್ತು.

“ಮೇಡಂ, ಅದೆಂತದು ಬಡ್ಕೊಳ್ತಾ ಇರೋದು?” ಎಂದು ಸಹನಾ ಪಿಸುಗುಟ್ಟಿದಳು.

“ಹೃದಯ,” ಎಂದೆ. ನನ್ನ ದನಿಯೂ ಪಿಸುದನಿಯಾಗಿತ್ತು. ಇಷ್ಟು ವರ್ಷ ಬದನೆಕಾಯಿ ಬರೆದ ಕೈಯಲ್ಲಿ ಕೋಲು ಹಾಗೇ ಉಳಿಯಿತು. ದಿನವೂ ಸ್ಕೂಟರಿನಲ್ಲಿ ದಾಟಿ ಬರುವ ನೀರಿನ ಒಂದೊಂದು ಹನಿಯಲ್ಲೂ ಹೃದಯಗಳು ಹೀಗೆ ಮಿಡಿಯುತ್ತಿದ್ದವೇ! ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಇಲ್ಲಿಗೇ ಕಥೆ ಮುಗಿದಿದ್ದರೆ ನನಗೆ ಉತ್ತಮ ಶಿಕ್ಷಕಿ ಪ್ರಶಸ್ತಿ ಬರುತ್ತಿತ್ತೋ ಏನೋ. ಆದರೆ ಮಧ್ಯಾಹ್ನ ಬಿಸಿಯೂಟದ ಗಿರಿಜಕ್ಕ ಸೌಟು ಹಿಡಿದುಕೊಂಡೇ ಸ್ಟಾಫ್ ರೂಮಿಗೆ ನುಗ್ಗಿದರು.

“ಮೇಡಂ, ಮಕ್ಕಳಿಗೆ ಎಂತ ಹೇಳಿಕೊಟ್ರಿ? ಒಬ್ರೂ ನೀರು ಮುಟ್ತಾ ಇಲ್ಲ! ಕುದಿಸಿದ ನೀರು ಕಣ್ರೋ ಅಂದ್ರೆ, ‘ಹಂಗಾದ್ರೆ ಬೆಂದ ಚಿಗಟ ಇರ್ತದೆ’ ಅಂತಾವೆ. ಸಾರಿಗೂ ಅದೇ ನೀರು ಅಂತ ಸಾರನ್ನೂ ಬಿಟ್ಟಿದಾವೆ!”

ಮರುದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಊರು ಸುತ್ತಿ ಬಂದಿತ್ತು. “ಶಾಲೆ ನೀರಲ್ಲಿ ಒಂಟಿಕಣ್ಣಿನ ಹುಳ ಇದ್ಯಂತೆ” ಎಂದು ಪೋಷಕರು ಗೇಟಿನ ಮುಂದೆ ಸೇರಿದರು. ಶಾಲಾ ಸಮಿತಿಯ ಅಧ್ಯಕ್ಷರಾದ ಚನ್ನಬಸಪ್ಪನವರು ತಮ್ಮ ತಾಯಿಯನ್ನೂ ಕರೆದುಕೊಂಡು ಜೀಪಿನಲ್ಲಿ ಬಂದಿಳಿದರು. ಸಹನಾ ಅವರ ಮಗಳು.

ನಿವೃತ್ತಿಯ ಹೊಸ್ತಿಲಲ್ಲಿದ್ದ ನಮ್ಮ ಹೆಡ್‌ಮಾಸ್ಟರು ಬೆವರು ಒರೆಸಿಕೊಂಡರು. “ಮೇಡಂ, ನೀರೊಳಗಿರೋದು ನೀರೊಳಗೇ ಇರ್ಲಿ ಅಂತ ಬಿಡ್ಬಾರ್ದಿತ್ತಾ? ಆ ಮಿಷನ್ ತಂದು ಬೀರುವಿಗೆ ಹಾಕಿ ಬೀಗ ಹಾಕ್ಬಿಡಿ.”

ಬೀಗ! ಹಾಗೆ ಬೀರು ಸೇರಿದ ಎಷ್ಟೋ ಉಪಕರಣಗಳನ್ನು ನಾನು ಬಲ್ಲೆ. ಅವು ಮತ್ತೆ ಬೆಳಕು ಕಂಡದ್ದಿಲ್ಲ. ಆ ಮಿಡಿಯುವ ಚುಕ್ಕೆಯನ್ನು ಮಕ್ಕಳು ಇನ್ನೆಂದೂ ನೋಡುವಂತಿರಲಿಲ್ಲ. “ಸರ್, ಒಂದೇ ಒಂದು ಅವಕಾಶ ಕೊಡಿ. ಕುಡಿಯುವ ನೀರು ಶುದ್ಧವಾಗಿದೆಯೆಂದು ಎಲ್ಲರೆದುರು ವೈಜ್ಞಾನಿಕವಾಗಿ ಸಾಬೀತುಪಡಿಸುತ್ತೇನೆ!” ಎಂದೆ. ‘ವೈಜ್ಞಾನಿಕವಾಗಿ’ ಎಂಬ ಪದವನ್ನು ಒತ್ತಿ ಹೇಳಿದೆ.

ಊರವರೆಲ್ಲ ತರಗತಿಯ ಬೆಂಚುಗಳಲ್ಲಿ ಕೂತರು. ಗಿರಿಜಕ್ಕ ಕುದಿಸಿ ಆರಿಸಿದ ನೀರನ್ನು ಲೋಟದಲ್ಲಿ ತಂದಿಟ್ಟರು. ನಾನು ಬಟ್ಟಲನ್ನು ಸೋಪು ಹಾಕಿ ತೊಳೆದೆ, ಒರೆಸಿದೆ, ಎತ್ತಿ ತೋರಿಸಿದೆ. ಹಿನ್ನೀರಿನ ಬಾಟಲಿಯಲ್ಲಿ ನಿಲ್ಲಿಸಿದ್ದ ಡ್ರಾಪರನ್ನು ತೆಗೆದು, ಲೋಟದ ನೀರನ್ನು ಹೀರಿ, ಬಟ್ಟಲಿಗೆ ಬಿಟ್ಟೆ.

“ನೋಡಿ! ಇದರಲ್ಲಿ ಏನೂ ಇಲ್ಲ!”

ಟಿವಿಯ ನಡುಮಧ್ಯದಲ್ಲಿ ದಪ್ಪನೆಯ ನೀರುಚಿಗಟವೊಂದು ಕೂತು ನನ್ನನ್ನೇ ನೋಡಿತು. ಒಂದೇ ಕಣ್ಣಿನಿಂದ.

ಕೋಣೆಯಲ್ಲಿ ಗದ್ದಲವೆದ್ದಿತು. “ಇದೆಯಲ್ರೀ!” “ನಾವು ಕುಡಿಸ್ತಾ ಇರೋದು ಇದನ್ನಾ?” ಗಿರಿಜಕ್ಕನ ದನಿ ಎಲ್ಲಕ್ಕಿಂತ ಮೇಲಿತ್ತು. “ನನ್ನ ನೀರಲ್ಲಿ ಅದು ಇರ್ಲಿಲ್ಲ! ಶಿವನಾಣೆ ಇರ್ಲಿಲ್ಲ!” ಹೆಡ್‌ಮಾಸ್ಟರು ಬೀರುವಿನ ಕೀಲಿಗಾಗಿ ಕಿಸೆಗೆ ಕೈ ಹಾಕಿದರು. ನಾನು ಕೈಯಲ್ಲಿದ್ದ ಡ್ರಾಪರನ್ನು ನೋಡಿದೆ. ಬಾಟಲಿಯನ್ನು ನೋಡಿದೆ. ಬಟ್ಟಲು ತೊಳೆದಿದ್ದೆ, ಡ್ರಾಪರ್ ತೊಳೆದಿರಲಿಲ್ಲ!

ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚನ್ನಬಸಪ್ಪನವರ ತಾಯಿ ಎದ್ದು ಟಿವಿಯ ಹತ್ತಿರ ಹೋದರು.

“ತಡೀರೋ, ಗಲಾಟೆ ಮಾಡಬೇಡಿ. ಇದರ ಬೆನ್ನೊಳಗೆ ಎಂತದೋ ಆಡ್ತಾ ಇದೆ!”

ಎಲ್ಲರೂ ನೋಡಿದೆವು. ಬೆನ್ನಿನ ಗೂಡಿನಲ್ಲಿ ಪುಟ್ಟ ಪುಟ್ಟ ಕಪ್ಪು ಕಣ್ಣುಗಳು ಹೊರಳುತ್ತಿದ್ದವು. ತಾಯಿ ಚಿಗಟ ಒಮ್ಮೆ ಮೈ ಬಗ್ಗಿಸಿತು. ಗೂಡು ಬಿರಿಯಿತು. ಮರಿಯೊಂದು ಸುಯ್ಯನೆ ಹೊರಬಂದು, ಅರೆಕ್ಷಣ ಕಂಗಾಲಾಗಿ ನಿಂತು, ತನ್ನ ಎಳೆ ತೋಳುಗಳನ್ನು ಬೀಸಿ ಜಿಗಿಯಿತು. ಹಿಂದೆಯೇ ಇನ್ನೊಂದು. ಮತ್ತೊಂದು! ಪ್ರತಿಯೊಂದಕ್ಕೂ ಅದರದೇ ಕಣ್ಣು, ಅದರದೇ ಮಿಡಿಯುವ ಹೃದಯ.

ಗದ್ದಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಜಗಳಕ್ಕೆಂದು ಬಂದವರು ಕೈ ಕಟ್ಟಿ ನಿಂತಿದ್ದರು. ಗಿರಿಜಕ್ಕನ ಕಣ್ಣಲ್ಲಿ ನೀರಿತ್ತು.

“ಶಿವನೇ,” ಎಂದು ಅಜ್ಜಿ ಕೈ ಮುಗಿದರು. “ಕಣ್ಣಿಗೆ ಕಾಣದ ಜಾಗದಲ್ಲೂ ಹೆರಿಗೆ ಮಾಡಿಸ್ತಾ ಕೂತಿದ್ಯೇನಪ್ಪಾ ನೀನು?”

ಆ ಮೌನದಲ್ಲೇ ನಾನು ಡ್ರಾಪರಿನ ವಿಚಾರವನ್ನು ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ಡ್ರಾಪರನ್ನು ಕುದಿನೀರಿನಲ್ಲಿ ತೊಳೆದು, ಬೇರೆ ಬಟ್ಟಲಿಗೆ ಲೋಟದ ನೀರನ್ನು ಬಿಟ್ಟು ತೋರಿಸಿದೆ. ಈ ಸಲ ನಿಜವಾಗಿಯೂ ಏನೂ ಇರಲಿಲ್ಲ. ಚನ್ನಬಸಪ್ಪನವರು ಲೋಟವನ್ನೆತ್ತಿ ಗಟಗಟನೆ ಕುಡಿದರು. ಅವರ ಹಿಂದೆ ಮಕ್ಕಳೂ ಕುಡಿದರು. ಹೆಡ್‌ಮಾಸ್ಟರು ಕೀಲಿಯನ್ನು ಕಿಸೆಗೆ ಹಾಕಿಕೊಂಡು, “ಮೇಡಂ, ಆ ಚಿಗಟನ ಮತ್ತೆ ಹಾಕಿ. ಇನ್ನೊಂಚೂರು ದೊಡ್ಡದು ಮಾಡೋಕ್ಕಾಗ್ತದಾ?” ಎಂದು ಟಿವಿಯ ಮುಂದೆ ಕುರ್ಚಿ ಎಳೆದುಕೊಂಡರು.

ಆದರೆ ಅಜ್ಜಿ ಬಿಡಲಿಲ್ಲ. “ಬಾಣಂತಿನ ಹಿಂಗೆ ಲೈಟಿನ ಕೆಳಗೆ ಕೂರಿಸ್ತಾರಾ? ಮೊದ್ಲು ಅದನ್ನ ಅದರ ಮನೆಗೆ ಬಿಟ್ಟು ಬಾ ತಾಯಿ.”

ಹಾಗಾಗಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಲು ತಾಗದಂತೆ ಸೆರಗು ಮುಚ್ಚಿ, ಚನ್ನಬಸಪ್ಪನವರ ಜೀಪಿನ ಮುಂದಿನ ಸೀಟಿನಲ್ಲಿ ಕೂತೆ. ಅಜ್ಜಿ ಹಿಂದೆ ಕೂತರು, ಉಳಿದವರು ನಡೆದೇ ಬಂದರು. ನನ್ನ ಹೆರಿಗೆಯಲ್ಲೂ ಇಷ್ಟು ನಿಧಾನವಾಗಿ ಯಾರೂ ಗಾಡಿ ಓಡಿಸಿರಲಿಲ್ಲ! ಹಿನ್ನೀರಿನ ದಡದಲ್ಲಿ ಕೂತು ಬಟ್ಟಲನ್ನು ಮೆಲ್ಲಗೆ ಬಗ್ಗಿಸಿದೆ. ಆ ಸಂಸಾರ ನೀರಿಗೆ ಸೇರಿದ್ದು ಯಾರ ಕಣ್ಣಿಗೂ ಕಾಣಲಿಲ್ಲ. ಆದರೂ ಎಲ್ಲರೂ ಬಹಳ ಹೊತ್ತು ಆ ನೀರನ್ನೇ ನೋಡುತ್ತಾ ನಿಂತೆವು.

“ಇನ್ನು ಸುಖವಾಗಿರ್ತಾವೆ ಅಲ್ವಾ?” ಎಂದು ಅಜ್ಜಿ ಕೇಳಿದರು.

ಪ್ಲವಕಗಳನ್ನು ಸಣ್ಣ ಮೀನುಗಳು ತಿನ್ನುತ್ತವೆ, ಇದಕ್ಕೆ ಆಹಾರ ಸರಪಳಿ ಎನ್ನುತ್ತಾರೆ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. “ಹೌದಜ್ಜಿ,” ಎಂದೆ. ಆ ಎರಡು ದಿನಗಳಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಸಂಜೆ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ನಮ್ಮವರು ಕಣ್ಣರಳಿಸಿ ಕೇಳಿ, ಪಂಚೆಯ ವಿಚಾರವನ್ನೂ ಮರೆತು, “ನಮಗೂ ಒಂದು ದಿನ ತೋರಿಸು ಮಾರಾಯ್ತಿ” ಎಂದರು. ಮಾತಾಡಿ ಮಾತಾಡಿ ನನ್ನ ಗಂಟಲು ಒಣಗಿತ್ತು. ಅವರೇ ಎದ್ದು ಒಂದು ಲೋಟ ನೀರು ತಂದುಕೊಟ್ಟರು.

ಬಾಯಿಯ ಹತ್ತಿರ ಒಯ್ದೆ. ನಿಲ್ಲಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆ.

“ಕುದಿಸಿದ ನೀರೇ,” ಎಂದರು ಅವರು.

“ಗೊತ್ತು,” ಎಂದೆ.

ಇಡೀ ಊರಿಗೇ ಧೈರ್ಯ ಹೇಳಿ ನೀರು ಕುಡಿಸಿ ಬಂದ ವಿಜ್ಞಾನ ಶಿಕ್ಷಕಿ, ಎದ್ದು ಹೋಗಿ, ಆ ನೀರನ್ನು ಮತ್ತೊಮ್ಮೆ ಸ್ಟೌ ಮೇಲಿಟ್ಟಳು!