ಡಿ ಮೈನರ್ ಮಾವ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಕಂಪಲಾಪುರದಲ್ಲಿ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಈಗ ಎಷ್ಟರ ಮಟ್ಟಿಗೆ ಎಂದಷ್ಟೇ ವಿಚಾರಿಸುತ್ತೇನೆ. ಹೊಗೆಸೊಪ್ಪು, ರಾಗಿ, ಎರಡು ಹಸು ಇಟ್ಟುಕೊಂಡು ನೆಟ್ಟಗೆ ಬಾಳುತ್ತಿದ್ದ ಮನುಷ್ಯ ಅರವತ್ತು ದಾಟಿದ ಮೇಲೆ ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲಿಗೆ ಮನಸೋತರೆ ಇನ್ನೇನು ಹೇಳಲಿ? ಅದನ್ನು ಅವರು ಕಣ್ಣಾರೆ ಕಂಡವರೂ ಅಲ್ಲ!

ಆದದ್ದು ಇಷ್ಟು. ಕೊಯ್ದು ತಂದ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ದಿನ ಅದು. ಮಾವ ಫೋನಿನಲ್ಲಿ ಹರಿಕಥೆ ಹಾಕಿಕೊಂಡು ಕೂತಿದ್ದರು. ಕಥೆ ಮುಗಿಯಿತು. ಫೋನು ತನ್ನಿಷ್ಟದಂತೆ ಇನ್ನೊಂದಕ್ಕೆ ಹಾರಿತು. ಅದರೊಳಗಿಂದ ಗುಂಯ್ ಎಂದು ದಪ್ಪನೆಯ ದನಿ ಹೊರಟಿತು. ನಿಲ್ಲಿಸೋಣವೆಂದರೆ ಎರಡೂ ಕೈಗೆ ಸೊಪ್ಪಿನ ಅಂಟು ಕಪ್ಪಗೆ ಮೆತ್ತಿಕೊಂಡಿತ್ತು. ಅತ್ತೆಯನ್ನು ಕೂಗಿದರೆ ಅವರು ಬರಲಿಲ್ಲ. ಹೀಗೆ ನಮ್ಮ ಮಾವ ಬೇರೆ ದಾರಿಯಿಲ್ಲದೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿದರು. ಆಮೇಲೆ ಕೈ ತೊಳೆದು ಬಂದು, ದಾರಿಯಿದ್ದೂ, ಇನ್ನೊಮ್ಮೆ ಕೇಳಿದರು.

ಸಂಜೆ ನನಗೆ ಫೋನ್ ಬಂತು. ನಾನು ಹುಣಸೂರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಹಾಗಾಗಿ ಪ್ರಪಂಚದ ಇಂಗ್ಲಿಷಿಗೆಲ್ಲ ನಾನೇ ಹೊಣೆ ಎಂದು ಅವರ ನಂಬಿಕೆ. ಆ ವಾದ್ಯದ ಹೆಸರಿನ ಕೆಳಗೆ ಮೂರು ಸಾಲು ಬರೆದಿದ್ದಾರೆ, ಓದಿ ಹೇಳು ಎಂದು ಫೋಟೋ ಕಳಿಸಿದರು. ಲಯ ನಿಧಾನ, ಶ್ರುತಿ ಡಿ ಮೈನರ್, ಭಾವ ದುಃಖ ಎಂದಿತ್ತು. ಹೇಳಿದೆ.

"ಮೈನರ್ ಅಂದ್ರೆ ವಯಸ್ಸಿಗೆ ಬರದೇ ಇರೋನು ಅಲ್ವೇನವ್ವ? ದನಿ ಕೇಳಿದ್ರೆ ಎಂಬತ್ತಾಗಿರೋ ಅಂಗದೆ," ಎಂದರು.

ಅದು ಆ ಮೈನರ್ ಅಲ್ಲ ಮಾವ, ಸ್ವರಗಳ ಒಂದು ಏರ್ಪಾಡು, ನಮ್ಮಲ್ಲಿ ರಾಗ ಇರುವ ಹಾಗೆ ಎಂದೆ. ನನಗೆ ಗೊತ್ತಿದ್ದದ್ದೂ ಅಷ್ಟೇ. ಮಾವ ಲಯವನ್ನು ಒಪ್ಪಿದರು, ಮೈನರನ್ನೂ ಒಪ್ಪಿದರು. ಮೂರನೆಯ ಸಾಲಿಗೆ ಮಾತ್ರ ತಕರಾರು ತೆಗೆದರು. ಇದು ದುಃಖ ಅಲ್ಲವೇ ಅಲ್ಲ, ಯಾರೋ ದೊಡ್ಡವರು ಬಂದು ಮಾತಾಡದೆ ಪಕ್ಕದಲ್ಲಿ ಕೂತ ಹಾಗಿದೆ, ಬರೆದವನಿಗೆ ಹೇಳಿ ತಿದ್ದಿಸು ಎಂದರು. ಎಲ್ಲಿ ಹುಡುಕಲಿ ನಾನು ಬರೆದವನನ್ನು?

ಅಂದಿನಿಂದ ಹಾಲು ಕರೆಯುವ ಹೊತ್ತಿಗೂ ಡಬಲ್ ಬೇಸ್ ಶುರುವಾಯಿತು. ಕೋಣನ ಮುಂದೆ ಕಿನ್ನರಿ ಎಂಬ ಗಾದೆಯನ್ನು ಕೊಟ್ಟಿಗೆಯಲ್ಲಿ ನಿಂತು ಪರೀಕ್ಷೆ ಮಾಡಿದವರು ಇವರೊಬ್ಬರೇ ಇರಬೇಕು. ಹಾಲು ಜಾಸ್ತಿಯಾಯಿತೇ ಎಂದು ಕೇಳಿದೆ. "ಆಲು ಅಷ್ಟೇಯ. ಒದೆಯೋದ ಬುಟ್ಟವೆ," ಎಂದರು.

ಭೇರ್ಯ ಎಂಬ ಊರಿನಿಂದ ಮಾವನ ಮಗಳನ್ನು ನೋಡಲು ಗಂಡಿನವರು ಬಂದರು. ಹುಡುಗ ಅರಳು ಹುರಿದಂತೆ ಮಾತಾಡಿದ. ಅವರು ಹೊರಟ ಮೇಲೆ, ಹೇಗನ್ನಿಸಿತು ಎಂದು ಹಿರಿಯರು ಮಾವನನ್ನು ಕೇಳಿದರು. ಹುಡುಗ ಒಳ್ಳೆಯವನೇ, ಲಯ ಮಾತ್ರ ವಸಿ ಜೋರು ಎಂದುಬಿಟ್ಟರು. ಅತ್ತೆ ಅಡುಗೆಮನೆಯಿಂದಲೇ ಗದರಿದರು. ಮದುವೆಯೇನೋ ಆಯಿತು. ಆದರೆ ಈ ಮಾತು ಹೇಗೋ ಅಳಿಯನ ಕಿವಿಗೆ ಬಿದ್ದು, ಆತ ಇವತ್ತಿಗೂ ಹೆಣ್ಣು ಕೊಟ್ಟ ಮಾವನ ಮುಂದೆ ಒಂದೊಂದೇ ಪದ ಆರಿಸಿ ಇಡುತ್ತಾನೆ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಜೊತೆಗಿರುವ ಅಮ್ಮನಿಗೆ, ಅಂದರೆ ಮಾವನ ಅಕ್ಕನಿಗೆ, ಪಾರ್ಕಿನ್ಸನ್ ಕಾಯಿಲೆ ಹಿಡಿಯಿತು. ಕೈ ನಡುಗುವುದು ಹಾಗಿರಲಿ, ನಡೆಯುತ್ತಿದ್ದ ಹಾಗೇ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಅದೂ ಬಾಗಿಲಲ್ಲೇ ಹೆಚ್ಚು. ನಡುಮನೆಯಲ್ಲಿ ಓಡಾಡುವ ಅಮ್ಮ ಹೊಸಿಲ ಮುಂದೆ ಬಂದರೆ ನಿಂತುಬಿಡುತ್ತಿದ್ದಳು. ಒಮ್ಮೆ ಮುಗ್ಗರಿಸಿ ಬಿದ್ದ ಮೇಲಂತೂ ಅಂಗಳಕ್ಕೆ ಬರುವುದನ್ನೇ ಬಿಟ್ಟಳು. ತಾಳಕ್ಕೆ ಹೆಜ್ಜೆ ಹಾಕಿಸಿ ನೋಡಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ನಾನು ಚಪ್ಪಾಳೆ ತಟ್ಟಿ ಒಂದು, ಎರಡು ಎನ್ನುತ್ತಿದ್ದೆ. ಶಾಲೆಗೆ ಹೊತ್ತಾಗುವ ಆತಂಕದಲ್ಲಿ ನನ್ನ ದನಿ ಡ್ರಿಲ್ ಮೇಷ್ಟರದಾಗುತ್ತಿತ್ತು. ಅಮ್ಮ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಮಾವ ಅವರೆಕಾಯಿ ಹೊತ್ತು ಬಂದವರು ಇದನ್ನು ನೋಡಿದರು. ಫೋನಿನಲ್ಲಿ ಆ ಡಬಲ್ ಬೇಸನ್ನೇ ಹಾಕಿದರು. ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುವ ಭಾಗ ಬಂದ ಕೂಡಲೇ ಫೋನನ್ನು ಅಂಗಿಯ ಜೇಬಿಗಿಳಿಸಿ, ಹೊಸಿಲ ಆಚೆ ನಿಂತು ಅಕ್ಕನ ಎರಡೂ ಕೈ ಹಿಡಿದುಕೊಂಡರು.

"ಅಕ್ಕ, ಇದು ದುಂ ಅಂದಾಗ ಕಾಲೆತ್ತು. ಎತ್ತಕ್ಕಾಗ್ನಿಲ್ವಾ, ಬುಡು, ಇನ್ನೊಂದು ಬತ್ತದೆ. ಅದಕ್ಕೇನು ಅರ್ಜೆಂಟಿಲ್ಲ."

ಎಷ್ಟೋ ದುಂಗಳು ಸುಮ್ಮನೆ ಹೋದವು. ಮಾವ ಹಿಡಿದ ಕೈಯನ್ನು ಎಳೆಯಲಿಲ್ಲ. ಆಮೇಲೆ ಒಂದು ದುಂಗೆ ಅಮ್ಮನ ಬಲಗಾಲು ಎದ್ದಿತು. ಇನ್ನೊಂದಕ್ಕೆ ಎಡಗಾಲು ಆಚೆ ಬಂತು. ಹಾಗೇ ಇಬ್ಬರೂ ದಾಸವಾಳದ ಗಿಡದವರೆಗೆ ಹೋದರು. ಅಮ್ಮ ಒಂದು ಹೂ ಕಿತ್ತು ತಾನೇ ಮುಡಿದುಕೊಂಡಳು. ನಾನು ಒಳಗೆ ಹೋಗಿ ಅವರೆಕಾಯಿ ಬಿಡಿಸುತ್ತ ಕೂತೆ.

ಕಾಯಿಲೆ ವಾಸಿಯಾಯಿತೆಂದು ತಿಳಿಯಬೇಡಿ. ಕೆಲವು ದಿನ ಡಬಲ್ ಬೇಸಿಗೂ ಆ ಕಾಲು ಜಗ್ಗುವುದಿಲ್ಲ. ಆದರೂ ಬಿಡುವಾದಾಗಲೆಲ್ಲ ಮಾವ ಬೆಳಗಿನ ಬಸ್ಸಿಗೆ ಬರುತ್ತಾರೆ. ಉಳಿದ ದಿನ ನಾನೇ ಕೈ ಹಿಡಿಯುತ್ತೇನೆ. ನನ್ನ ಲಯವೂ ಕೊಂಚ ಇಳಿದಿದೆ.

ಮೊನ್ನೆ ಮೂವರೂ ಊಟಕ್ಕೆ ಕೂತಿದ್ದೆವು. ನಮ್ಮ ಕಡೆ ಸೋದರಮಾವನಿಗೆ ಥ್ಯಾಂಕ್ಸ್ ಹೇಳಿದರೆ ಬೈದ ಹಾಗೆ. ಆದರೂ ತಡೆಯಲಾಗದೆ, ನೀವಿಲ್ಲದಿದ್ದರೆ ಅಮ್ಮ ಅಂಗಳ ಕಾಣುತ್ತಿರಲಿಲ್ಲ ಮಾವ ಎಂದೆ. ಅವರು ಮುದ್ದೆ ಮುರಿಯುತ್ತ, ತಲೆಯೆತ್ತದೆ ಹೇಳಿದರು:

"ಸಣ್ಣೋನಿದ್ದಾಗ ಮರದಿಂದ ಬಿದ್ದು ಕಾಲು ಮುರ್ಕಂಡಿದ್ದೆ ಕಣವ್ವ. ಕಾಲು ಕೂಡೋಗಂಟ ನಿಮ್ಮವ್ವನೇ ಬೆನ್ ಮೇಲೆ ನನ್ನ ಒತ್ಕಂಡು ಇಸ್ಕೂಲಿಗೆ ಬುಡ್ತಿದ್ಲು. ಅವಳೂ ಏನು ದೊಡ್ಡೋಳಾ ಆಗ? ನಿಂಗೆ ಯೋಳೇ ಇಲ್ವಾ?"

ಹೇಳಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅವಳು ನಡುಗುವ ಕೈಯಿಂದ ತುಪ್ಪದ ಬಟ್ಟಲನ್ನು ತಮ್ಮನ ಕಡೆಗೆ ಸರಿಸುತ್ತಿದ್ದಳು.

"ಸಾರು ಬುಡೇ ಅವನ್ಗೆ," ಎಂದಳು. "ಮುದ್ದೆ ಆರೋಯ್ತದೆ."